ಜೋಗುಳನ ಕುರ್ಚಿಯಲ್ಲಿ ಮಂತ್ರಿಗಳು

ಈ ಎಲ್ಲ ರಾದ್ಧಾಂತಕ್ಕೆ ಮೂಲ ಮಂತ್ರಿಗಳ ಗಡ್ಡ. ಅದೂ ಅಂಥ ಹೇಳಿಕೊಳ್ಳುವ ಗಡ್ಡವೇನಲ್ಲ. ಒಂದು ದಿನ ಕ್ಷೌರ ತಪ್ಪಿದರೆ ಯಾವ ಗಂಡಸಿನ ಕೆನ್ನೆಯ ಮೇಲಾದರೂ ಏಳುವ ಬಿಳಿ ಕೂಳೆ. ಅದನ್ನು ಅವರು ತಮ್ಮ ಮನೆಯಲ್ಲೇ ತೆಗೆದುಕೊಂಡಿದ್ದರೆ ಜೋಗುಳ ತನ್ನ ಪಾಡಿಗೆ ತಾನು ಇರುತ್ತಿದ್ದ. ಆದರೆ ಮಂತ್ರಿಗಳು 'ಜನರ ನಡುವೆ ಒಂದು ದಿನ' ಎಂಬ ಕಾರ್ಯಕ್ರಮ ಹಾಕಿಕೊಂಡಿದ್ದರು. ಬೆಳಗ್ಗೆ ಮೀನಿನ ಮಾರುಕಟ್ಟೆ, ಮಧ್ಯಾಹ್ನ ಬಟ್ಟೆ ಗಿರಣಿ, ಸಂಜೆ ಒಂದು ಸಾಧಾರಣ ಬೀದಿಯ ಸಾಧಾರಣ ಅಂಗಡಿಯಲ್ಲಿ ಗಡ್ಡ ತೆಗೆಸಿಕೊಳ್ಳುತ್ತ, ಸಾಧಾರಣ ಮನುಷ್ಯನೊಬ್ಬನ ಜೊತೆ ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ಮಾತುಕತೆ.

ಅವರ ಆಪ್ತ ಸಹಾಯಕ ಬೆಳಗ್ಗೆಯೇ ಬಂದು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನಡೆದ. ಎಲ್ಲ ಅಂಗಡಿಗಳಿಗಿಂತ ಸಾಧಾರಣವಾಗಿ ಕಂಡದ್ದು ಜೋಗುಳನದು. ಎಲ್ಲ ಮನುಷ್ಯರಿಗಿಂತ ಸಾಧಾರಣವಾಗಿ ಕಂಡವನೂ ಜೋಗುಳನೇ.

"ಮಂತ್ರಿಗಳು ನಿಮ್ಮ ಹತ್ರ ಶೇವಿಂಗಿಗೆ ಬರ್ತಾರೆ. ತೊಂದರೆ ಇಲ್ಲ ತಾನೇ?" ಎಂದು ಸಹಾಯಕ ಕೇಳಿದ.

"ಹೌದು ಸಾರ್," ಎಂದ ಜೋಗುಳ.

ತೊಂದರೆ ಇದೆ ಎಂದೋ ಇಲ್ಲ ಎಂದೋ ಸಹಾಯಕನಿಗೆ ತಿಳಿಯಲಿಲ್ಲ. ಆದರೆ ಹೌದು ಅನ್ನುವವರನ್ನು ಹೆಚ್ಚು ಕೆದಕಬಾರದು ಎಂಬುದು ಅವನ ಕೆಲಸದ ಅನುಭವ. ಬರೆದುಕೊಂಡು ಹೋದ.

ಇಲ್ಲಿ ಜೋಗುಳನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನಿಗೆ ಆ ಹೆಸರು ಬಿದ್ದದ್ದು ಅವನ ಕೈಗುಣದಿಂದ. ಗಡ್ಡಕ್ಕೆ ನೊರೆ ಹಚ್ಚಿ ಮುಗಿಸುವುದರೊಳಗೆ ಗಿರಾಕಿಯ ರೆಪ್ಪೆ ಭಾರವಾಗುತ್ತಿತ್ತು. ತಲೆಗೆ ಕೈ ಇಟ್ಟನೋ, ಮುಗಿಯಿತು, ಮನೆಯಲ್ಲಿ ಸಾಲುಸಾಲು ಚಿಂತೆ ಬಿಟ್ಟು ಬಂದವನೂ ಹಸುಗೂಸಿನ ಹಾಗೆ ಬಾಯಿ ತೆರೆದು ಮಲಗಿಬಿಡುತ್ತಿದ್ದ. ಕೂದಲು ಬೆಳೆಯದಿದ್ದರೂ ನಿದ್ದೆಗೆಂದೇ ಬರುವವರಿದ್ದರು.

ಎರಡನೆಯದು ಅವನ ಬಾಯಿಗುಣ. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಹೌದು ಅನ್ನಬೇಕು ಎಂದು ಕಸುಬು ಕಲಿಸಿದ ಅಪ್ಪ ಹೇಳಿಕೊಟ್ಟಿದ್ದ. ಕತ್ತಿ ಹಿಡಿದವನು ವಾದಕ್ಕೆ ನಿಂತರೆ ಗಿರಾಕಿಗೆ ಹೆದರಿಕೆಯಾಗುತ್ತದೆ ನೋಡಿ. ಹಾಗಾಗಿ ಈ ಸಲ ಸೆಖೆ ಜಾಸ್ತಿ ಅಂದರೂ ಹೌದು, ಕಮ್ಮಿ ಅಂದರೂ ಹೌದು. ಆದರೆ ಅವನೂ ಮನುಷ್ಯನಲ್ಲವೇ? ದಿನವೆಲ್ಲ ನುಂಗಿದ ಮಾತು ಎಲ್ಲಾದರೂ ಹೊರಗೆ ಬರಬೇಕಲ್ಲ? ಗಿರಾಕಿ ನಿದ್ದೆ ಹೋದ ಮೇಲೆ ಅವನ ಕಿವಿಯ ಹತ್ತಿರ ಬಗ್ಗಿ ಜೋಗುಳ ತನ್ನ ನಿಜವಾದ ಅಭಿಪ್ರಾಯವನ್ನು ಮೆಲ್ಲಗೆ ಹೇಳಿಬಿಡುತ್ತಿದ್ದ. ಎಚ್ಚರವಿದ್ದವರಿಗೆ ಸತ್ಯ ಹೇಳಿದ ದಾಖಲೆ ಅವನ ಜೀವಮಾನದಲ್ಲಿ ಇರಲಿಲ್ಲ.

ಸಹಾಯಕ ಅತ್ತ ಹೋದನೋ ಇಲ್ಲವೋ, ಇತ್ತ ಬೀದಿ ಅಂಗಡಿಯೊಳಗೆ ನುಗ್ಗಿತು. ಬೀದಿ ಎಂದರೆ ಮುಖ್ಯವಾಗಿ ಮೂರು ಜನ. ಪಕ್ಕದ ಅಂಗಡಿಯ ಟೈಲರು, ಎದುರಿನ ಟೀ ಅಂಗಡಿಯ ಅಕ್ಕ, ಮತ್ತು ನಿವೃತ್ತಿಯಾದ ಮೇಲೆ ಇಡೀ ಬೀದಿಯನ್ನೇ ತರಗತಿ ಅಂದುಕೊಂಡಿದ್ದ ಮೇಷ್ಟ್ರು.

"ಬಸ್ಸು!" ಎಂದರು ಮೇಷ್ಟ್ರು, ಕೋಲು ನೆಲಕ್ಕೆ ಕುಟ್ಟಿ. "ಬೇರೆ ಏನೂ ಬೇಡ. ಅದೊಂದನ್ನ ಕೇಳು."

ಬಸ್ಸು ಎಂದೊಡನೆ ಜೋಗುಳನ ಕಣ್ಣು ಕನ್ನಡಿಯತ್ತ ಹೋಯಿತು. ಅವನ ಹೆಂಡತಿ ಹೊಳೆಯಾಚೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸದಲ್ಲಿದ್ದಳು. ದಿನವೆಲ್ಲ ನಿಂತೇ ಇರುವ ಕೆಲಸ. ಮೊದಲು ಸಂಜೆ ಬಸ್ಸು ಸೇತುವೆ ದಾಟಿಸಿ ಅವಳನ್ನು ಅಂಗಡಿಯ ಎದುರಿಗೇ ಇಳಿಸುತ್ತಿತ್ತು. ಜೋಗುಳ ಗಿರಾಕಿಯ ಕಡೆ ಮುಖ ಮಾಡಿ ನಿಂತಿದ್ದರೂ ಕನ್ನಡಿಯಲ್ಲಿ ಬಸ್ಸು ಬಂದದ್ದು, ಅವಳು ಒಂದು ಕೈಯಲ್ಲಿ ಚೀಲ ಹಿಡಿದು ಇಳಿದದ್ದು, ತಲೆ ಎತ್ತಿ ಅಂಗಡಿಯತ್ತ ನೋಡಿದ್ದು ಎಲ್ಲ ಕಾಣುತ್ತಿತ್ತು. ಆ ಒಂದು ಗಳಿಗೆಗೆ ಅವನ ಕತ್ತಿ ಗಿರಾಕಿಯ ಕೆನ್ನೆಯಿಂದ ತಾನಾಗಿ ಮೇಲೆದ್ದು ನಿಲ್ಲುತ್ತಿತ್ತು.

ಆಮೇಲೆ ಖರ್ಚು ಕಡಿಮೆ ಮಾಡಬೇಕೆಂದು ಸರ್ಕಾರ ಈ ಬೀದಿಯ ಬಸ್ಸು ನಿಲ್ಲಿಸಿತು. ಉಳಿದದ್ದು ನಿಲ್ದಾಣದ ಕಂಬ ಮಾತ್ರ; ಅದಕ್ಕೆ ಟೈಲರು ಹಗ್ಗ ಕಟ್ಟಿ ಗಿರಾಕಿಗಳ ಪ್ಯಾಂಟು ನೇತುಹಾಕುತ್ತಿದ್ದ. ಹೆಂಡತಿ ಈಗ ಸೇತುವೆ ದಾಟಿ ನಡೆದೇ ಬರುತ್ತಿದ್ದಳು. ಬಂದವಳು ಗಿರಾಕಿಗಳಿಲ್ಲದ ಕುರ್ಚಿಯಲ್ಲಿ ಕೂತು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಳಿಸಿ, ಕಣ್ಣು ಮುಚ್ಚುತ್ತಿದ್ದಳು. ಪಾದಗಳು ಊದಿಕೊಂಡು, ಚಪ್ಪಲಿಯ ಪಟ್ಟಿಯ ಗುರುತು ಮೂಡಿರುತ್ತಿತ್ತು. ಅವಳು ಒಂದು ದಿನವೂ ದೂರಿದವಳಲ್ಲ. ಅದೇ ಜೋಗುಳನಿಗೆ ತಡೆಯಲಾಗುತ್ತಿರಲಿಲ್ಲ.

ಸಹಾಯಕ ಬಂದಾಗ ಅವಳು ಕೆಲಸಕ್ಕೆ ಹೊರಟು ಅಂಗಡಿಯ ಬಾಗಿಲಲ್ಲೇ ಇದ್ದಳು; ಸುದ್ದಿ ಕೇಳಿ ನಕ್ಕಿದ್ದಳು. "ಕೇಳೋಕೆ ಬಾಯಿ ಬಂದ್ರೆ ಕೇಳಿ. ಬರ್ಲಿಲ್ಲ ಅಂದ್ರೆ ಸುಮ್ನಿರಿ. ಮನಸ್ಸಿಗೆ ಹಚ್ಕೊಂಡು ಊಟ ಬಿಡಬೇಡಿ," ಎಂದು ಹೇಳಿ, ಅವನ ಅಂಗಿಯ ಕಾಲರು ಸರಿಮಾಡಿ ಹೋಗಿದ್ದಳು.

"ತಾಲೀಮು ಮಾಡೋಣ," ಎಂದರು ಮೇಷ್ಟ್ರು. "ಟೈಲರೇ, ನೀವು ಮಂತ್ರಿ. ಕೂತ್ಕೊಳ್ಳಿ."

ಟೈಲರು ಅಳತೆ ಟೇಪನ್ನು ಕೊರಳಿಗೆ ಹಾರದ ಹಾಗೆ ಹಾಕಿಕೊಂಡು ಗಂಭೀರವಾಗಿ ಕೂತ. ಜೋಗುಳ ನೊರೆ ಕಲಸಿದ.

"ಈಗ ಹೇಳು."

"ಸಾರ್, ನಮ್ಮ ಬೀದಿಗೆ ಬಸ್ಸು..."

"ಬಸ್ಸು ಯಾಕಯ್ಯಾ? ನಡೆದ್ರೆ ಆರೋಗ್ಯಕ್ಕೆ ಒಳ್ಳೇದಲ್ವಾ?" ಎಂದ ಟೈಲರು, ಮಂತ್ರಿಯಾದ ಸಂಭ್ರಮದಲ್ಲಿ.

"ಹೌದು ಸಾರ್."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಮತ್ತೆ ಹೇಳಿಸಿದರು. ಮತ್ತೆ ಹೌದು. ಮೂರನೆಯ ಸುತ್ತಿಗೆ ಟೈಲರನ ಮಾತು ನಿಂತಿತು; ಮಂತ್ರಿ ಪದವಿಯಲ್ಲೇ ಅವನು ಗೊರಕೆ ಹೊಡೆಯತೊಡಗಿದ್ದ. ತಕ್ಷಣ ಜೋಗುಳ ಅವನ ಕಿವಿಗೆ ಬಗ್ಗಿ, "ನೀನು ಹೊಲಿದು ಕೊಟ್ಟ ಪ್ಯಾಂಟಿದೆಯಲ್ಲ, ಅದರ ಒಂದು ಕಾಲು ನನಗೆ, ಇನ್ನೊಂದು ಕಾಲು ನನ್ನ ಮಾವನಿಗೆ ಸರಿಹೋಗತ್ತೆ ಕಣೋ. ಹೇಳಿದ್ರೆ ನೊಂದ್ಕೋತೀಯ ಅಂತ ಅದನ್ನೇ ಹಾಕ್ಕೊಂಡು ಓಡಾಡ್ತಿದೀನಿ," ಎಂದ.

ಮೇಷ್ಟ್ರು ಬೆಚ್ಚಿಬಿದ್ದರು. ತಾವೂ ಈ ಕುರ್ಚಿಯಲ್ಲಿ ಎಷ್ಟು ನಿದ್ದೆ ಮಾಡಿದ್ದೇವೆ ಎಂಬುದು ಅವರಿಗೆ ನೆನಪಾಗಿರಬೇಕು. ಆದರೆ ಪಾಠದ ಮೇಷ್ಟ್ರು ಪಾಠದ ಮೇಷ್ಟ್ರೇ. ಆ ಗಾಬರಿಯಲ್ಲೂ ಅವರಿಗೊಂದು ಉಪಾಯ ಹೊಳೆಯಿತು.

"ನೋಡು, ಎದುರಿನವರ ಕಣ್ಣು ತೆರೆದಿದ್ರೆ ನಿನ್ನ ಬಾಯಿ ಮುಚ್ಚತ್ತೆ. ಕಣ್ಣು ಮುಚ್ಚಿದ್ರೆ ತೆರೆಯತ್ತೆ. ಹೌದಾ?"

"ಹೌದು ಮೇಷ್ಟ್ರೇ."

"ಇದು ನಿಜವಾದ ಹೌದಾ?"

"ಹೌದು ಮೇಷ್ಟ್ರೇ."

"ಸರಿ. ಶೇವಿಂಗ್ ಮುಗಿದ ಮೇಲೆ ಅವರ ಮುಖದ ಮೇಲೆ ಬಿಸಿ ಟವೆಲ್ ಹಾಕು. ಕಣ್ಣು ಕಾಣಲ್ಲ. ನಿನಗೆ ಧೈರ್ಯ ಬರತ್ತೆ. ಆದ್ರೆ ಅವರು ನಿದ್ದೆ ಮಾಡ್ಬಾರ್ದು. ಅದು ನಮ್ಮ ಜವಾಬ್ದಾರಿ. ಅಕ್ಕ ಕಡು ಟೀ ಕಳಿಸ್ತಾರೆ, ಕುಡಿದೋರಿಗೆ ನಿದ್ದೆ ಅನ್ನೋ ಪದವೇ ಮರೆತುಹೋಗಬೇಕು. ಟೈಲರು ಪಕ್ಕದಲ್ಲಿ ಮಿಷನ್ನು ತುಳೀತಾ ಇರ್ತಾನೆ. ನಾನು ಬಾಗಿಲಲ್ಲಿ ನಿಂತು ಕೆಮ್ತೀನಿ. ಇನ್ನೊಂದು ವಿಷಯ, ಕಿವಿಗೊಟ್ಟು ಕೇಳು. ಅವರ ತಲೆ ಮುಟ್ಟಬೇಡ. ಮುಟ್ಟಿದ್ಯೋ ಕೆಟ್ಟೆ!"

"ಯಾರು ಮುಟ್ಟಿದ್ದು?" ಎಂದು ಟೈಲರು ಎಚ್ಚರಗೊಂಡ. "ಬಸ್ಸು ಬಂತಾ?"

ಸಂಜೆ ಬೀದಿಯ ತುದಿಯಲ್ಲಿ ಕಾರುಗಳು ನಿಂತವು. ಅದಕ್ಕೂ ಮೊದಲೇ ಪೊಲೀಸರು ಬಂದು ಬೀದಿಯ ಎರಡೂ ಬಾಯಿಗೆ ಹಗ್ಗ ಕಟ್ಟಿದ್ದರು. ಸೈಕಲ್ಲು ಕೂಡ ಸುಳಿಯುವಂತಿರಲಿಲ್ಲ. ಸಹಾಯಕ ಅಂಗಡಿಯಿಂದ ಅಂಗಡಿಗೆ ಓಡಾಡುತ್ತ, "ಸದ್ದು ಬೇಡ! ಟಿವಿಯವರ ಮೈಕಿಗೆ ತೊಂದರೆ ಆಗತ್ತೆ," ಎನ್ನುತ್ತಿದ್ದ. ಅವನು ಮೊದಲು ನಿಲ್ಲಿಸಿದ್ದು ಟೈಲರನ ಮಿಷನ್ನನ್ನು. ನಿಲ್ಲಿಸಿ, ಅಂಗಡಿಗೆ ಬಾಗಿಲು ಹಾಕಿಸಿ, ಟೈಲರನ್ನು ಹಗ್ಗದ ಆಚೆಗೆ ಕಳಿಸಿದ. ಬಾಗಿಲಲ್ಲಿ ಕೆಮ್ಮುತ್ತಿದ್ದ ಮೇಷ್ಟ್ರನ್ನು ಕಂಡು, "ಅಯ್ಯೋ, ಮಂತ್ರಿಗಳಿಗೆ ಅಂಟಿಕೊಂಡ್ರೆ ಏನು ಗತಿ!" ಎಂದು ತಾನೇ ತೋಳು ಹಿಡಿದು ಅವರನ್ನೂ ಹಗ್ಗದ ಆಚೆ ದಾಟಿಸಿದ. ಮೇಷ್ಟ್ರು ಹೋಗುತ್ತ ಹೋಗುತ್ತ ತಮ್ಮ ತಲೆ ಮುಟ್ಟಿಕೊಂಡು ಬೆರಳಾಡಿಸಿ, ಬೇಡ ಬೇಡ ಎಂದು ಸನ್ನೆ ಮಾಡಿದರು.

ಉಳಿದದ್ದು ಟೀ. ಅಕ್ಕ ಕೊಟ್ಟ ಲೋಟದಲ್ಲಿ ಟೀ ಡಾಂಬರಿನ ಹಾಗೆ ಕಪ್ಪಗಿತ್ತು. ಮಂತ್ರಿಗಳಿಗೆ ಕೊಡುವ ಯಾವುದನ್ನೂ ಮೊದಲು ತಾನು ರುಚಿ ನೋಡಬೇಕು ಎಂಬುದು ಸಹಾಯಕನ ಕರ್ತವ್ಯ. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಇಲ್ಲದ ಪ್ರಾಣಿ. ರುಚಿ ನೋಡಿದ, ಇನ್ನೊಂದು ಗುಟುಕು ನೋಡಿದ, ನೋಡುತ್ತ ನೋಡುತ್ತ ಲೋಟದ ತಳ ಕಂಡಿತು. ಅಲ್ಲಿಂದ ಮುಂದೆ ಅವನು ನಿಂತಲ್ಲಿ ನಿಲ್ಲಲಿಲ್ಲ. ಬೀದಿಯಲ್ಲಿ ಯಾರಾದರೂ ಉಸಿರು ಬಿಟ್ಟರೂ ಓಡಿಹೋಗಿ ಶ್ ಎನ್ನುತ್ತಿದ್ದ.

ಹೀಗೆ, ಮಂತ್ರಿಗಳನ್ನು ಎಚ್ಚರವಾಗಿಡಲು ಮಾಡಿದ್ದ ಏರ್ಪಾಟುಗಳೆಲ್ಲ ಒಂದೊಂದಾಗಿ ಹೋಗಿ, ಆ ಬೀದಿ ಹುಟ್ಟಿದಂದಿನಿಂದ ಕಂಡಿರದ ನಿಶ್ಶಬ್ದ ನೆಲೆಸಿತು.

ಮಂತ್ರಿಗಳು ಒಳಗೆ ಬಂದರು. ಚಿತ್ರಗಳಲ್ಲಿ ಕಾಣುವುದಕ್ಕಿಂತ ಸಣ್ಣ ಮನುಷ್ಯ. ಕಣ್ಣಿನ ಕೆಳಗೆ ಚೀಲದಂಥ ಕಪ್ಪು. ಕುರ್ಚಿಯಲ್ಲಿ ಕೂತು ಕ್ಯಾಮೆರಾಗಳ ಕಡೆ ಒಮ್ಮೆ ನೋಡಿ, ಕನ್ನಡಿಯಲ್ಲಿ ಜೋಗುಳನನ್ನು ನೋಡಿ ನಕ್ಕರು. ಜೋಗುಳ ನೊರೆ ಹಚ್ಚಲು ಶುರುಮಾಡಿದ.

"ನೋಡಿ, ಆರ್ಥಿಕತೆ ಅಂತ ದೊಡ್ಡ ದೊಡ್ಡವರು ತಲೆ ಕೆಡಿಸ್ಕೋತಾರೆ," ಎಂದು ಮಂತ್ರಿಗಳು ನೊರೆಯೊಳಗಿಂದ ಆರಂಭಿಸಿದರು. "ಬಹಳ ಸರಳ. ಗಡ್ಡ ಇದ್ದ ಹಾಗೆ. ಕತ್ತರಿಸಿದಷ್ಟೂ ಚೆನ್ನಾಗಿ ಬೆಳೆಯುತ್ತೆ. ಅದಕ್ಕೇ ನಾವು ಸರ್ಕಾರದ ಖರ್ಚು ಕತ್ತರಿಸ್ತಾ ಇದೀವಿ. ಅಲ್ವಾ?"

ಬೆಳಗ್ಗೆ ಮೀನಿನ ಮಾರುಕಟ್ಟೆಯಲ್ಲಿ ಇದೇ ಆರ್ಥಿಕತೆ ಬಲೆಯ ಹಾಗಿತ್ತು. ಗಿರಣಿಯಲ್ಲಿ ನೂಲಿನ ಹಾಗಾಗಿತ್ತು.

"ಹೌದು ಸಾರ್," ಎಂದ ಜೋಗುಳ. ಕ್ಯಾಮೆರಾ ಕ್ಲಿಕ್ಕಿಸಿತು.

"ಇನ್ನು ಸಾರ್ವಜನಿಕ ಸೇವೆ. ಸೇವೆ ಅಂದ್ರೆ ಸರ್ಕಾರ ಜನರನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗೋದಲ್ಲ. ಜನ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು. ಏನಂತೀರಿ?"

ಜೋಗುಳನಿಗೆ ಬಕೆಟ್ಟಿನೊಳಗಿನ ಎರಡು ಪಾದ ಕಣ್ಣೆದುರು ಬಂತು. ಗಂಟಲವರೆಗೂ ಮಾತು ಬಂದು ನಿಂತಿತು. "ಹೌದು ಸಾರ್," ಎಂದಿತು ನಾಲಿಗೆ. ಆ ನಿಶ್ಶಬ್ದದಲ್ಲಿ ಅದು ಹಗ್ಗದ ಆಚೆಗೂ ಕೇಳಿಸಿ, ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೂತರು.

ಅಗತ್ಯವಿದ್ದಷ್ಟು ಚಿತ್ರ ಸಿಕ್ಕಿತೆಂದು ಟಿವಿಯವರು ಹೊರಗೆ ಹೋದರು. ಕತ್ತಿಯ ಕೆಲಸ ಮುಗಿದಿತ್ತು. ಅಂಗಡಿಯಲ್ಲಿ ಇಬ್ಬರೇ ಉಳಿದಾಗ ಮಂತ್ರಿಗಳ ಭುಜ ಇಳಿಯಿತು, ದನಿಯೂ ಇಳಿಯಿತು.

"ಜನಕ್ಕೆ ನಮ್ಮ ಮೇಲೆ ನಂಬಿಕೆ ಹೋಗಿದೆ ಅಂತ ದಿನಾ ಪೇಪರಿನಲ್ಲಿ ಬರೀತಾರಪ್ಪ," ಎಂದರು. "ಸುತ್ತ ಇರೋರನ್ನ ಕೇಳಿದ್ರೆ, ಇಲ್ಲ ಸಾರ್, ಬೆಟ್ಟದಷ್ಟು ನಂಬಿಕೆ ಇದೆ ಅಂತಾರೆ. ಅವರು ಹೇಳೋದನ್ನ ನಾನು ನಂಬಲ್ಲ. ರಾತ್ರಿಯೆಲ್ಲಾ ಅದೇ ಯೋಚನೆ. ಹಾಳಾದ್ದು ನಿದ್ದೆನೇ ಹತ್ತಲ್ಲ. ಸ್ವಲ್ಪ ಕಣ್ಣು ಮುಚ್ಚಿದ್ರೆ ನಮ್ಮ ಮನೆ ಹಿಂದೆ ಬಸ್ ಡಿಪೊ. ಗುರ್ ಗುರ್ ಅಂತ ಬೆಳಗಾಗತ್ತೆ."

ಜೋಗುಳನಿಗೆ ಅಯ್ಯೋ ಪಾಪ ಅನ್ನಿಸಿತು. ತನ್ನಂತೆಯೇ ಇವರೂ ಹೌದುಗಳ ನಡುವೆ ಸಿಕ್ಕಿಕೊಂಡ ಮನುಷ್ಯ. ತಾನು ಹೇಳುವ ಕಡೆ, ಇವರು ಕೇಳುವ ಕಡೆ, ಅಷ್ಟೇ. ಬಿಸಿ ಟವೆಲ್ಲನ್ನು ಹಿಂಡಿ ಅವರ ಮುಖದ ಮೇಲೆ ಹಾಕಿದ. ಕಣ್ಣು ಮರೆಯಾಯಿತು.

"ಸಾರ್," ಎಂದ. "ಒಂದು ಮಾತು ಹೇಳ್ತೀನಿ. ಗಡ್ಡ ಕತ್ತರಿಸಿದ್ರೆ ಬೆಳೆಯತ್ತೆ, ನಿಜ. ಆದ್ರೆ ಕಿವಿ ಕತ್ತರಿಸಿದ್ರೆ ಬೆಳೆಯಲ್ಲ ಸಾರ್. ನನ್ನ ಕಸುಬಿನಲ್ಲಿ ಮೊದಲು ಕಲಿಯೋದೇ ಅದು, ಯಾವುದು ಗಡ್ಡ, ಯಾವುದು ಕಿವಿ ಅನ್ನೋದು."

ಟವೆಲ್ಲಿನ ಕೆಳಗಿನಿಂದ "ಹ್ಞೂಂ" ಎಂದು ಬಂತು. ಜೋಗುಳನ ಮೈಯಲ್ಲಿ ಮಿಂಚು ಹರಿಯಿತು. ಎಚ್ಚರವಿರುವ ಮನುಷ್ಯ, ಅದೂ ಮಂತ್ರಿ, ತನ್ನ ಮಾತು ಕೇಳುತ್ತಿದ್ದಾರೆ!

"ನಮ್ಮ ಬೀದಿ ಬಸ್ಸನ್ನ ನೀವು ಗಡ್ಡ ಅಂದ್ಕೊಂಡು ತೆಗೆದ್ರಿ. ಅದು ಕಿವಿ ಸಾರ್. ಜನ ತಮ್ಮ ಕಾಲ ಮೇಲೆ ನಿಲ್ಲಬೇಕು ಅಂದ್ರಿ. ನನ್ನ ಹೆಂಡ್ತಿ ನಿಂತಿದಾಳೆ ಸಾರ್. ಬೆಳಗಿಂದ ಸಂಜೆ ತನಕ ನಿಂತೇ ಇರ್ತಾಳೆ. ನಿಮ್ಮ ಆಸ್ಪತ್ರೆ ಬಟ್ಟೆನೇ ಇಸ್ತ್ರಿ ಮಾಡ್ತಾಳೆ. ಆಮೇಲೆ ಅದೇ ಕಾಲಲ್ಲಿ ಸೇತುವೆ ದಾಟಿ ಬರ್ತಾಳೆ. ಅವಳ ಪಾದ ನೋಡಿದ್ರೆ ನಿಮಗೂ ಕಣ್ಣಲ್ಲಿ ನೀರು ಬರತ್ತೆ."

"ಹ್ಞೂಂ..."

"ನಂಬಿಕೆ ಹೋಯ್ತು ಅಂತೀರಲ್ಲ. ಅದೇನು ದೊಡ್ಡ ವಿಷಯ ಅಲ್ಲ ಸಾರ್. ಮೊದಲು ಇಷ್ಟೊತ್ತಿಗೆ ಈ ಕನ್ನಡಿಯಲ್ಲಿ ಬಸ್ಸು ಕಾಣ್ತಿತ್ತು. ಬರತ್ತೆ ಅಂದ್ರೆ ಬರ್ತಿತ್ತು. ನಂಬಿಕೆ ಅಂದ್ರೆ ಅಷ್ಟೇ. ಈಗ್ಲೂ ಕನ್ನಡಿ ಕಡೆ ಕಣ್ಣು ಹೋಗತ್ತೆ. ಬರೀ ಕಂಬ ಕಾಣತ್ತೆ."

ಹೇಳುತ್ತ ಹೇಳುತ್ತ ಅವನ ಎದೆ ಹಗುರವಾಯಿತು. ಕಣ್ಣು ತುಂಬಿ ಬಂತು. ಮಾತು ಮುಗಿಸಿ, ಟವೆಲ್ ಎತ್ತಲು ಕೈ ಚಾಚಬೇಕು ಅಂದುಕೊಂಡರೆ ಕೈ ಎಲ್ಲಿದೆ? ಎರಡೂ ಕೈ ಮಂತ್ರಿಗಳ ತಲೆಯ ಮೇಲಿತ್ತು. ಹೆಂಡತಿಯ ಮಾತು ಬಂದಾಗಲೇ ಅವು ತಾವಾಗಿ ಅಲ್ಲಿಗೆ ಹೋಗಿ, ಹಣೆಯಿಂದ ಹಿಂದಕ್ಕೆ, ಕಿವಿಯ ಹಿಂಭಾಗದಿಂದ ಕುತ್ತಿಗೆಗೆ, ಮೆತ್ತಗೆ ಒತ್ತುತ್ತ ತಮ್ಮ ಕೆಲಸ ಮಾಡಿ ಮುಗಿಸಿದ್ದವು.

ಜೋಗುಳ ಟವೆಲ್ ಸರಿಸಿದ. ಮಂತ್ರಿಗಳು ಬಾಯಿ ತೆರೆದು, ಕುರ್ಚಿಯ ಒಂದು ಕಡೆಗೆ ವಾಲಿ, ಗಾಢ ನಿದ್ದೆಯಲ್ಲಿದ್ದರು. "ಹ್ಞೂಂ" ಎಂದು ಇನ್ನೊಮ್ಮೆ ಉಸಿರು ಬಿಟ್ಟರು.

ಜೀವಮಾನದಲ್ಲಿ ಒಮ್ಮೆ ತೋರಿದ ಧೈರ್ಯ ಹೀಗೆ ಹಾಳಾದರೆ ಮನುಷ್ಯ ಏನು ಮಾಡಬೇಕು? ಜೋಗುಳನಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಎಷ್ಟು ದಿನದ ನಿದ್ದೆಯೋ ಏನೋ, ಆ ಮುಖ ಮಗುವಿನ ಮುಖವಾಗಿತ್ತು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮಂತ್ರಿಗಳ ಮುಂದಿನ ಕಾರ್ಯಕ್ರಮ ಎಲ್ಲಿಯೋ ಕಾದು ಕಾದು ರದ್ದಾಗುತ್ತಿತ್ತು.

ಕೊನೆಗೆ ಅವರೇ ಎಚ್ಚರಗೊಂಡರು. ಕಣ್ಣುಜ್ಜಿ, ಸುತ್ತ ನೋಡಿ, ಕನ್ನಡಿಯಲ್ಲಿ ತಮ್ಮನ್ನು ತಾವೇ ಗುರುತಿಸಿಕೊಂಡರು. ಕಣ್ಣಿನ ಕೆಳಗಿನ ಚೀಲಗಳು ಖಾಲಿಯಾಗಿದ್ದವು.

"ಅಬ್ಬಬ್ಬಾ!" ಎಂದರು. "ಎಷ್ಟು ಕಾಲ ಆಗಿತ್ತು! ಎಂಥಾ ಕೈ ನಿಮ್ಮದು! ಎಂಥಾ ಬೀದಿ! ಒಂದು ಹಾರ್ನಿಲ್ಲ, ಒಂದು ಗುರ್ ಇಲ್ಲ. ಇಲ್ಲಿ ಸದಾ ಹೀಗೇನಾ?"

"ಹೌದು ಸಾರ್."

"ಇನ್ನು ಮೇಲೆ ದಿನಾ ಸಂಜೆ ಇದೇ ಹೊತ್ತಿಗೆ ನಾನು ಬರ್ತೀನಿ. ನೀವಿರ್ತೀರಿ ತಾನೇ?"

"ಹೌದು ಸಾರ್."

ಮಂತ್ರಿಗಳು ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. "ನಿಮಗೆ ಏನಾದ್ರೂ ಮಾಡ್ಬೇಕು ನಾನು. ಸಂಕೋಚ ಬೇಡ. ಏನು ಬೇಕು, ಕೇಳಿ."

ಹಗ್ಗದ ಆಚೆ ಮೇಷ್ಟ್ರು ಎದ್ದು ನಿಂತರು. ಅಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಮಂತ್ರಿಗಳ ಕಣ್ಣು ಈಗ ಪೂರಾ ತೆರೆದಿತ್ತು. ನೆಟ್ಟಗೆ ಜೋಗುಳನನ್ನೇ ನೋಡುತ್ತಿತ್ತು. ಅವನ ಬಾಯಿ ಹೌದು ಅನ್ನಲು ತೆರೆಯಿತು. ಆದರೆ ಹೌದು ಎಂಬುದು ಉತ್ತರವಾಗಲಾರದ ಪ್ರಶ್ನೆಯನ್ನು ಅವನಿಗೆ ಯಾರೋ ಮೊದಲ ಸಲ ಕೇಳಿದ್ದರು. ಜೋಗುಳ ಕಣ್ಣು ಮುಚ್ಚಿದ. ಊದಿದ ಪಾದಗಳನ್ನು ನೆನೆದ. ಇದ್ದಬದ್ದ ಶಕ್ತಿಯನ್ನೆಲ್ಲ ನಾಲಿಗೆಯ ತುದಿಗೆ ತಂದ.

"ಸಾರ್... ಬಸ್ಸು..." ಎಂದ. ಅಷ್ಟರಲ್ಲಿ ಅಳು ಒತ್ತರಿಸಿ ಬಂದು ಮುಂದಿನ ಮಾತು ಮುಳುಗಿತು. ಕೈ ಮುಗಿದು ನಿಂತ.

ಮಂತ್ರಿಗಳ ಮುಖ ಗಂಭೀರವಾಯಿತು. ಅವನ ಭುಜ ತಟ್ಟಿದರು. "ಸಾಕು. ಹೇಳ್ಬೇಡಿ. ನಿಮ್ಮ ಕಣ್ಣೀರೇ ಎಲ್ಲಾ ಹೇಳ್ತಿದೆ. ಈ ಬೀದಿಗೆ ಏನು ಬೇಕು ಅಂತ ನನಗೆ ಅರ್ಥ ಆಯ್ತು. ಈಗಲೇ, ಎಲ್ಲರ ಮುಂದೆ ಹೇಳ್ತೀನಿ, ಬನ್ನಿ."

ಆಹಾ! ಜೋಗುಳನ ಕಾಲು ನೆಲದ ಮೇಲಿರಲಿಲ್ಲ. ಸಂಜೆಯ ಬಸ್ಸು, ಚೀಲ ಹಿಡಿದು ಇಳಿಯುವ ಹೆಂಡತಿ, ತಲೆ ಎತ್ತಿದ ಅವಳ ಆ ನೋಟ, ಎಲ್ಲ ಕನ್ನಡಿಯಲ್ಲಿ ಆಗಲೇ ಕಂಡಂತಾಯಿತು. ಮಂತ್ರಿಗಳ ಹಿಂದೆ ಬಾಗಿಲಿಗೆ ಬಂದ. ಪೊಲೀಸರು ಹಗ್ಗ ಬಿಚ್ಚಿದರು. ಬೀದಿಯವರೆಲ್ಲ ಓಡಿ ಬಂದರು. ಮೈಕುಗಳು ಮುಂದಾದವು.

"ಸ್ನೇಹಿತರೇ," ಎಂದರು ಮಂತ್ರಿಗಳು. ನಿದ್ದೆ ಮಾಡಿದ ಗಂಟಲು ಗಂಟೆಯಂತೆ ಮೊಳಗಿತು. "ನಂಬಿಕೆ ಎಲ್ಲಿದೆ ಅಂತ ಕೇಳ್ತಾರೆ. ನಾನು ಇವತ್ತು ಒಬ್ಬ ಸಾಮಾನ್ಯ ಮನುಷ್ಯನ ಕತ್ತಿಯ ಕೆಳಗೆ ಗಂಟಲು ಕೊಟ್ಟು ನಿಶ್ಚಿಂತೆಯಿಂದ ನಿದ್ದೆ ಮಾಡಿ ಎದ್ದು ಬಂದಿದೀನಿ. ಇದಕ್ಕಿಂತ ನಂಬಿಕೆ ಬೇಕಾ?"

ಚಪ್ಪಾಳೆ ಬಿತ್ತು. ಮೇಷ್ಟ್ರು ಮಾತ್ರ "ನಿದ್ದೆ?" ಎಂದು ಜೋಗುಳನತ್ತ ತಿರುಗಿದರು.

"ಇನ್ನೊಂದು ವಿಷಯ. ನಿಜ ಹೇಳ್ಬೇಕು ಅಂದ್ರೆ, ನಿಮ್ಮ ಬೀದಿಗೆ ನಿಂತುಹೋಗಿದ್ದ ಬಸ್ಸನ್ನ ಮತ್ತೆ ಶುರು ಮಾಡ್ತೀವಿ ಅಂತ ಘೋಷಣೆ ಮಾಡೋಕೇ ನಾನು ಇವತ್ತು ಬಂದಿದ್ದು. ನಾಳೆಯಿಂದಲೇ ಬರೋದಿತ್ತು." ಮಂತ್ರಿಗಳು ತಿರುಗಿ ಜೋಗುಳನ ಹೆಗಲ ಮೇಲೆ ಕೈ ಹಾಕಿದರು. "ಆದ್ರೆ ಈ ಸುದ್ದಿ ನಿಮಗೆಲ್ಲಾ ಹೇಗೋ ಮೊದಲೇ ತಿಳಿದಿದೆ. ಈ ಪುಣ್ಯಾತ್ಮ ಈಗ ತಾನೇ ಬಸ್ಸು ಅನ್ನೋ ಹೆಸರೆತ್ತಿ, ಕೈ ಮುಗಿದು, ಗಳಗಳ ಅತ್ತುಬಿಟ್ಟ. ನನಗೆ ತಿಳಿಯದೇ ಇರತ್ತಾ? ಬಸ್ ಡಿಪೊ ಪಕ್ಕ ಇರೋನು ನಾನು! ಇಷ್ಟು ಪ್ರಶಾಂತವಾದ ಬೀದಿಗೆ ಆ ಗುರುಗುರು ಯಾಕೆ ಬೇಕು? ಜನಾಭಿಪ್ರಾಯಕ್ಕೆ ತಲೆಬಾಗಿ ಆ ಬಸ್ಸನ್ನ ಈ ಕ್ಷಣವೇ ರದ್ದು ಮಾಡಿದೀನಿ. ಇನ್ನು ಯಾವತ್ತೂ ಇಲ್ಲಿಗೆ ಬಸ್ಸು ಬರೋದಿಲ್ಲ. ನಂಬಿ!"

ಜೋಗುಳನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಮಂತ್ರಿಗಳು ಕಾರು ಹತ್ತಿದರು. ಟೀಯ ಮಹಿಮೆಯಿಂದ ಸಹಾಯಕ ಕಾರಿನ ಮುಂದೆ ಮುಂದೆ ಓಡುತ್ತಲೇ ಹೋದ. ಕಾರು ಬೀದಿಯ ತಿರುವು ದಾಟಿ, ಅದೆಬ್ಬಿಸಿದ ಧೂಳು ಕೂಡ ಕೂತ ಮೇಲೆ, ಜೋಗುಳನ ಬಾಯಿಂದ ಅವನ ಜೀವನದ ಮೊದಲನೆಯ ನಿರಾಕರಣೆ ಹೊರಬಿತ್ತು.

"ಅಲ್ಲ ಸಾರ್!"

"ಈಗ ಹೇಳ್ತಾನೆ ನೋಡು!" ಎಂದಳು ಟೀ ಅಕ್ಕ. ಟೈಲರು ಕಂಬಕ್ಕೆ ಹೊಸದಾಗಿ ಇನ್ನೊಂದು ಹಗ್ಗ ಬಿಗಿಯತೊಡಗಿದ. ಹೇಗೂ ಬಸ್ಸು ಬರುವುದಿಲ್ಲ. ಮೇಷ್ಟ್ರು ಬೈಯಲು ಬಂದವರು, ಅವನ ಮುಖ ನೋಡಿ, ಹೆಗಲು ಒಮ್ಮೆ ಒತ್ತಿ ಹೋದರು. ಬೈದಿದ್ದರೇ ವಾಸಿಯಿತ್ತು.

ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಬಂದಳು. ಜೋಗುಳ ಬಿಸಿನೀರಿನ ಬಕೆಟ್ಟು ತಯಾರಿಟ್ಟು, ಅಪರಾಧಿಯ ಹಾಗೆ ಮೂಲೆಯಲ್ಲಿ ನಿಂತಿದ್ದ.

"ಆಸ್ಪತ್ರೆ ಟಿವಿಯಲ್ಲಿ ತೋರಿಸಿದ್ರು," ಎಂದಳು. ಅವನು ತಲೆ ತಗ್ಗಿಸಿದ. "ರೀ, ನೀವು ನಿಜವಾಗ್ಲೂ ಬಸ್ಸು ಅಂದ್ರಾ? ಅವರ ಕಣ್ಣು ತೆರೆದಿರೋವಾಗ್ಲೇ?"

"ಹೌದು."

ಅವಳು ನಗಲು ಶುರುಮಾಡಿದಳು. ನಕ್ಕು ನಕ್ಕು ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು. ನಗುವಿನ ಕೊನೆಗೆ ಅವಳ ಕಣ್ಣಲ್ಲಿ ನೀರಿತ್ತು. ಕೂತು, ಕಾಲು ನೀರಿಗಿಳಿಸಿ, ಹಿಂದಕ್ಕೊರಗಿ ಕಣ್ಣು ಮುಚ್ಚಿದಳು. ಜೋಗುಳ ನೆಲದ ಮೇಲೆ ಕೂತು ಒಂದು ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದ. ಅವಳ ಉಸಿರು ನಿಧಾನವಾಯಿತು. ನಿದ್ದೆ ಹತ್ತಿತು ಎಂದುಕೊಂಡು ಅವನು ಮೆಲ್ಲಗೆ ಮಾತಾಡಿದ.

"ನಿನಗಾಗಿ ಒಂದು ಮಾತು ಆಡೋಕೂ ಬರಲ್ಲ ನನಗೆ. ಆಡಿದ್ದೂ ಉಲ್ಟಾ ಆಯ್ತು. ನೀನು ಬಸ್ಸಿಳಿದು ಅಂಗಡಿ ಕಡೆ ನೋಡ್ತಿದ್ಯಲ್ಲ, ಅದೊಂದು ನೋಟಕ್ಕೋಸ್ಕರ ನಾನು ಬೆಳಗಿಂದ ಕಾಯ್ತಿದ್ದೆ. ಗೊತ್ತಾ ನಿನಗೆ? ಒಂದು ದಿನಾನೂ ಹೇಳ್ಲಿಲ್ಲ."

"ಹೇಳಿದೀರಿ. ಬೇಕಾದಷ್ಟು ಸಲ," ಎಂದಳು ಅವಳು, ಕಣ್ಣು ಮುಚ್ಚಿಯೇ.

ಜೋಗುಳ ಬೆಚ್ಚಿದ ರಭಸಕ್ಕೆ ಬಕೆಟ್ಟಿನ ನೀರು ತುಳುಕಿತು. "ನಿದ್ದೆ ಬಂದಿಲ್ವಾ ನಿನಗೆ?"

"ಮದುವೆ ಆದಾಗಿಂದ ಈ ಕುರ್ಚಿಯಲ್ಲಿ ನಾನು ಒಂದು ಸಲಾನೂ ನಿದ್ದೆ ಮಾಡಿಲ್ಲ. ನಾನೂ ನಿದ್ದೆ ಮಾಡಿಬಿಟ್ರೆ ನಿಮ್ಮ ಮಾತು ಕೇಳೋರ್ಯಾರು?"

ಜೋಗುಳನಿಗೆ ಅಷ್ಟೂ ವರ್ಷದ ಮಾತುಗಳು ಒಟ್ಟಿಗೆ ನೆನಪಾದವು. ಮುಖ ಕೆಂಪಾಯಿತು. "ಹಾಗಾದ್ರೆ... ನಿಮ್ಮಣ್ಣನ ವಿಷಯ..."

"ಕೇಳಿಸ್ತು."

"ನಿನ್ನ ಸಾರಿನ ಉಪ್ಪು..."

"ಅದೂ ಕೇಳಿಸ್ತು. ಮಾರನೇ ದಿನದಿಂದ ಕಮ್ಮಿ ಮಾಡಿದೀನಲ್ಲ, ನಾಲಿಗೆಗೆ ಗೊತ್ತಾಗ್ಲಿಲ್ವಾ?" ಅವಳ ತುಟಿಯ ಮೇಲೆ ನಗು ಇನ್ನೂ ಇತ್ತು. "ಬಸ್ಸು ಹೋದ್ರೆ ಹೋಗ್ಲಿ ಬಿಡಿ. ನನಗೊಂದು ಆಸೆ. ನಾಳೆಯಿಂದ ಸಂಜೆ ಸ್ವಲ್ಪ ಹೊತ್ತು ಅಂಗಡಿ ಮುಚ್ಚಿ, ಸೇತುವೆ ಹತ್ರ ಬನ್ನಿ. ನಿಮ್ಮ ಜೊತೆ ಮಾತಾ‌ಡ್ತಾ ನಡೆದ್ರೆ ಕಾಲು ನೋಯಲ್ಲ. ಬರ್ತೀರಾ ದಿನಾ?"

"ಹೌದು," ಎಂದ ಜೋಗುಳ. ಇಡೀ ದಿನದಲ್ಲಿ ಅವನು ಮನಸಾರೆ ಹೇಳಿದ ಹೌದು ಅದೊಂದೇ. ಎದೆಯೆಲ್ಲ ಬೆಚ್ಚಗಾಯಿತು.

"ನೀವು ಊರಿಗೆಲ್ಲಾ ಹಂಚೋ ಹೌದುಗಳಲ್ಲಿ ಇದೊಂದನ್ನ ನಾನು ನಂಬ್ತೀನಿ ನೋಡಿ," ಎಂದಳು ಅವಳು, ಆಕಳಿಸುತ್ತ.

ಜೋಗುಳ ಇನ್ನೊಂದು ಪಾದ ತೊಡೆಯ ಮೇಲಿಟ್ಟುಕೊಂಡ. ಒತ್ತುತ್ತ ಒತ್ತುತ್ತ ನಗುತ್ತಿದ್ದ. ಆಗ ಥಟ್ಟನೆ ಅವನ ಕೈ ನಿಂತಿತು. ದಿನಾ ಸಂಜೆ, ಇದೇ ಹೊತ್ತಿಗೆ, ನೀವಿರ್ತೀರಿ ತಾನೇ ಎಂದು ಕೇಳಿದವರು ಇನ್ನೊಬ್ಬರಿದ್ದರು. ಅವರಿಗೂ ಅವನು ಅದನ್ನೇ ಹೇಳಿದ್ದ.

ಇದನ್ನು ಈಗಲೇ ಹೇಳಿಬಿಡಬೇಕು. ಎಚ್ಚರವಿರುವವಳ ಮುಖ ನೋಡಿಕೊಂಡೇ ಹೇಳಬೇಕು. ಇಂದು ಒಮ್ಮೆ ಬಂದ ಧೈರ್ಯ ಇನ್ನೊಮ್ಮೆ ಬಾರದೇ ಹೋದೀತೇ? ಜೋಗುಳ ಗಂಟಲು ಸರಿಮಾಡಿಕೊಂಡು ತಲೆ ಎತ್ತಿದ.

"ನೋಡು, ಒಂದು ಮಾತು..." ಎಂದ.

ಉತ್ತರ ಬರಲಿಲ್ಲ. ಕಾದು ನೋಡಿದ. ಕೈ ಹಿಡಿದು ಮೆಲ್ಲಗೆ ಅಲುಗಿಸಿಯೂ ನೋಡಿದ. ಮದುವೆಯಾದಾಗಿನಿಂದ ಮೊದಲ ಸಲ, ಅವಳು ಆ ಕುರ್ಚಿಯಲ್ಲಿ ನಿಜವಾಗಿಯೂ ನಿದ್ದೆ ಹೋಗಿದ್ದಳು.